ರಕ್ತನಾಳ ಅಳೆಯಲು ಬಂದವರು
ಅಪ್ಪನೂ ಅಣ್ಣನೂ ಎದೆ ಹಿಡಿದುಕೊಂಡು ಸತ್ತವರು. ಆದ್ದರಿಂದಲೇ, ವಯಸ್ಸಾದವರ ರಕ್ತನಾಳಗಳು ಎಷ್ಟು ಗಡುಸಾಗಿವೆಯೆಂದು ಅಳೆಯುವ ಸಂಶೋಧಕರು ದಿಬ್ಬೂರಹಳ್ಳಿಗೆ ಬಂದಾಗ ನಾನೂ ಹೋದೆ. ಕೋಪ ಬಂದರೆ ನಾಳಗಳು ಬಿಗಿಯುತ್ತವೆ, ಶಾಂತವಾಗಿ ಕುಳಿತಿರಿ ಎಂದರು ಅವರೊಡನೆ ಬಂದಿದ್ದ ವೈದ್ಯೆ. ಪಕ್ಕದ ಕುರ್ಚಿಯಲ್ಲಿದ್ದವನು, ಹಿಂದೆ ಹಿಪ್ಪುನೇರಳೆ ತೋಟದ ಬದುವಿನ ಜಗಳದಲ್ಲಿ ಗುದ್ದಲಿಯ ಮರದ ಕಾವಿನಿಂದ ನನ್ನ ಎಡಗೈ ಮುರಿದ ದಾಯಾದಿ. ವೈದ್ಯೆ ಆ ಕೈಗೇ ಅಳತೆಯ ಪಟ್ಟಿ ಸುತ್ತುತ್ತಿದ್ದರು.

"ಆ ಸೊಟ್ಟ ಕೈಗೆ ಕಟ್ಟಬೇಡಮ್ಮ, ಮುರಿದೋನು ನಾನೇ. ಅದ್ರಲ್ಲಿ ರಕ್ತ ಎಲ್ಲಿ ಓಡ್ತದೆ!" ಎಂದು ನಕ್ಕ.

ಬಲಗೈಯಿಂದ ಅವನ ಬಾಯಿಗೆ ಗುದ್ದಿದೆ. ಹಲ್ಲು ಉದುರಿ ಅಂಗಿಯೆಲ್ಲ ರಕ್ತವಾಯಿತು. ಅವನು ಕುರ್ಚಿಯನ್ನೇ ಎತ್ತಿ ನನ್ನ ಹುಬ್ಬು ಸೀಳಿದ.

"ತಾತ, ನಿಮ್ಮಿಬ್ರನ್ನೂ ಅಳೆಯಲ್ಲ, ಹೋಗಿ," ಎಂದು ವೈದ್ಯೆ ಪಟ್ಟಿ ಬಿಚ್ಚಿದರು.

ನನ್ನ ನಾಳಗಳ ಸ್ಥಿತಿ ಇಂದಿಗೂ ನನಗೆ ತಿಳಿಯದು. ಅದಕ್ಕೂ ಅವನೇ ಹೊಣೆ.