ಎಳೆ ಎಣಿಸುತ್ತಿದ್ದ ಕಾಕಾ

ಸೂಕ್ಷ್ಮದರ್ಶಕದ ಮುಂದಿನಿಂದ ಎದ್ದು ಬಂದ ಮೇಲೂ ಕಾಕಾರ ಎಡಗಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ಬಲಗೈಯ ಮೂರು ಉಗುರುಗಳಿಗೆ ಬಣ್ಣದ ದ್ರಾವಣದ ಗುಲಾಬಿ ಹತ್ತಿ, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಬೇಗಂಪೇಟೆಯಲ್ಲಿ ಲೋಕಲ್ ರೈಲು ಹತ್ತಿದರೆ ಗೋರಂಟಿ ಎಂದುಕೊಂಡು ಯಾರಾದರೂ ಮದುವೆ ಯಾರದೆಂದು ಕೇಳುತ್ತಿದ್ದರಂತೆ, "ಚಾಚಾ, ಕಿಸ್ಕೀ ಶಾದೀ ಹೈ?" ಮೀನಿನದು ಎಂದು ಕಾಕಾ ನಗದೆ ಹೇಳುತ್ತಿದ್ದರಂತೆ, "ಮಛ್ಲೀ ಕೀ."

ನಮ್ಮ ಮೀನು ಪ್ರಯೋಗಾಲಯದಲ್ಲಿ ಅವರು ತಂತ್ರಜ್ಞರು, ನಾನು ಪಿಎಚ್.ಡಿ. ವಿದ್ಯಾರ್ಥಿನಿ. ಉಳಿದವರೆಲ್ಲ ಅವರನ್ನು ತೆಲುಗಿನಲ್ಲಿ ಬಾಬಾಯಿ ಎನ್ನುತ್ತಿದ್ದರು. ಮಣಿಕೊಂಡದ ನಮ್ಮ ಮನೆಯ ಮಾತು ಕನ್ನಡವಾದ್ದರಿಂದ ನನಗೆ ಕಾಕಾ. ಕಾಕಾ ಗುಳೇದಗುಡ್ಡದ ನೇಕಾರರ ಮನೆಯವರು. ಮಗ್ಗ ಬಿಟ್ಟು ಬಂದು ಮೂವತ್ತು ವರ್ಷವಾಗಿದ್ದರೂ ಬಟ್ಟೆ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಶ್ ವಸ್ತುಪ್ರದರ್ಶನಕ್ಕೆ ಹೋದಾಗ ಒಂದು ಸೀರೆಯ ಸೆರಗಿಗೆ ಭೂತಗನ್ನಡಿ ಹಿಡಿದು ನಿಂತೇಬಿಟ್ಟರು. "ಕ್ಯಾ ದೇಖ್ರೈ ಚಾಚಾ, ಲೇನಾ ಹೈ ತೋ ಲೇವೋ ನಾ!" ಎಂದು, ಬೇಕಿದ್ದರೆ ಕೊಳ್ಳಿ ಎನ್ನುವಂತೆ ಅಂಗಡಿಯವನು ರೇಗಿದ. ಕಾಕಾ ಎಳೆಗಳ ಎಣಿಕೆ ಮುಗಿಸಿಯೇ ತಲೆ ಎತ್ತಿದ್ದು.

ಸ್ನಾಯುವಿಗೆ 'ಬೆಳೆದದ್ದು ಸಾಕು, ನಿಲ್ಲು' ಎಂದು ಹೇಳುವ ಒಂದು ಜೀನ್ ಇದೆ. ರೋಹು ಮೀನುಗಳ ಒಂದು ಗುಂಪಿನಲ್ಲಿ ನಾವು ಅದರ ಬಾಯಿ ಕಟ್ಟಿದ್ದೆವು. ಇನ್ನೊಂದು ಗುಂಪು ಸಾದಾ ಮೀನುಗಳದ್ದು. ಬಾಯಿ ಕಟ್ಟಿದ ಗುಂಪಿನಲ್ಲಿ ಸ್ನಾಯುವಿನ ಎಳೆಗಳು ಹೆಚ್ಚಾಗಿವೆಯೇ, ಹೆಚ್ಚಾಗಿದ್ದರೆ ಎಷ್ಟು ಎಂಬುದೇ ನನ್ನ ಪ್ರಬಂಧದ ಪ್ರಶ್ನೆ. ಕಾಕಾ ಆ ಜೀನಿಗೆ ಸಾಕವ್ವ ಎಂದು ಹೆಸರಿಟ್ಟಿದ್ದರು.

"ನಮ್ಮ ಮನ್ಯಾಗ ಐದನೇ ಹೆಣ್ಣು ಹುಟ್ಟಿದಾಗ ನಮ್ಮಪ್ಪ ಸಾಕವ್ವ ಅಂತ ಹೆಸರಿಟ್ಟ. ಆಮ್ಯಾಲ ಇನ್ನೂ ಇಬ್ರು ಹುಟ್ಟಿದ್ರು. ಸಾಕು ಅಂದಕೂಡಲೆ ನಿಂದ್ರತೈತೇನ ತಂಗಿ? ಮೈಯಾಗೂ ಮನ್ಯಾಗೂ ನಡಸೋರು ಒಬ್ರ ಇರಂಗಿಲ್ಲ."

ಮೀನಿನ ಬೆನ್ನಿನ ಮಾಂಸವನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿಕೊಡುವುದು ಅವರ ಕೆಲಸ. ಒಂದು ಚೌಕದೊಳಗಿನ ಎಳೆಗಳನ್ನು ಎಣಿಸಿ ಡೈರಿಯಲ್ಲಿ ಗೀಟು ಹಾಕುವುದು ನನ್ನದು. ಮಧ್ಯಾಹ್ನದ ಹೊತ್ತು ತೊಟ್ಟಿಗಳ ನೀರಿನ ಬೆಳಕು ಛಾವಣಿಯ ಮೇಲೆ ತೂಗುತ್ತಿತ್ತು. ಗಾಳಿ ಊದುವ ಪಂಪಿನ ಗುಳುಗುಳು ಕೇಳುತ್ತ, ಆ ಗುಲಾಬಿ ಬಯಲಿನಲ್ಲಿ ಎಳೆಯಿಂದ ಎಳೆಗೆ ಹೋಗುತ್ತ, ನಾನೂ ನೀರಿನೊಳಗೆ ಎಲ್ಲೋ ತೇಲುತ್ತಿದ್ದೇನೆ ಅನಿಸುತ್ತಿತ್ತು. "ನಾವು ಹುಟ್ಟಿದ ಮ್ಯಾಲ ನಮ್ಮ ಎಳಿ ಬರೇ ದಪ್ಪ ಆಗತಾವ. ಮೀನಿಂದು ಹಂಗಲ್ಲ, ದೊಡ್ಡದಾದ ಮ್ಯಾಲೂ ಹೊಸಾವ ಹುಟ್ಟತಾವ. ಮಗ್ಗದಿಂದ ಇಳಿಸದ ಸೀರಿ ಅದು," ಎನ್ನುತ್ತಿದ್ದರು ಕಾಕಾ, ಅರ್ಧ ನಿದ್ದೆಯಲ್ಲಿ ಇದ್ದವರಂತೆ.

ಅವರದೊಂದು ಕಟ್ಟುಪಾಡಿತ್ತು. ಗಾಜಿನ ಮೇಲೆ ಬರೆದ ಗುಂಪಿನ ಹೆಸರು ಕಾಣದಂತೆ ಕಾಗದ ಅಂಟಿಸಿ, ಮೇಲೆ ಬರೀ ಸಂಖ್ಯೆ ಬರೆದು ಕೊಡುತ್ತಿದ್ದರು. ಯಾವ ಮೀನು ಎಂದು ಗೊತ್ತಾದರೆ ಕಣ್ಣು ಪಕ್ಷ ವಹಿಸುತ್ತದೆ ಎಂಬುದು ಅವರ ಮಾತು.

ನನ್ನ ಫೆಲೋಶಿಪ್ ಮುಗಿಯಲು ಐದು ತಿಂಗಳಿತ್ತು. ದೊಡ್ಡ ವ್ಯತ್ಯಾಸ ಕಾಣದಿದ್ದರೆ ಪ್ರಬಂಧಕ್ಕೆ ಬೆಲೆಯಿಲ್ಲ ಎಂಬ ಭಯ ಹಿಡಿದಿತ್ತು. ಒಂದು ದಿನ ಕಾಗದದ ಅಂಚನ್ನು ಉಗುರಿನಿಂದ ಎತ್ತಿ ನೋಡಿದೆ. ಆಮೇಲೆ ಅದೇ ರೂಢಿಯಾಯಿತು. ಸುಳ್ಳು ಬರೆಯುತ್ತಿದ್ದೇನೆ ಎಂದು ನನಗೆ ಅನಿಸಲೇ ಇಲ್ಲ, ಕಂಡದ್ದನ್ನೇ ಎಣಿಸುತ್ತಿದ್ದೆ.

ಒಂದು ಶುಕ್ರವಾರ ಕಾಕಾ ಬಂದು ಎದುರಿನ ಸ್ಟೂಲಿನ ಮೇಲೆ ಕೂತರು.

"ಡೈರಿ ತಗಿ ತಂಗಿ. ಸೋಮವಾರದ್ದು ಒಂಬತ್ತನೇ ನಂಬರು ಎಷ್ಟೈತಿ?"

"ಇನ್ನೂರ ಹದಿನಾಲ್ಕು ಐತ್ರಿ ಕಾಕಾ."

"ನಿನ್ನಿ ಗುರುವಾರದ್ದು ಇಪ್ಪತ್ತೆರಡನೇದು?"

"ನೂರ ಎಂಬತ್ತೇಳು."

"ಎರಡೂ ಒಂದ ಗಾಜು."

ಕಾಗದಗಳ ಅಂಚು ಎದ್ದದ್ದನ್ನು ಕಂಡ ಕಾಕಾ ಸೋಮವಾರ ಕಾಗದದ ಕೆಳಗೆ 'ಬಾಯಿ ಕಟ್ಟಿದ್ದು' ಎಂದು ಬರೆದಿಟ್ಟಿದ್ದರು. ಗುರುವಾರ ಅದನ್ನು ಅಳಿಸಿ 'ಸಾದಾ' ಎಂದು ಬರೆದಿದ್ದರು. ಒಂದು ದಿನ ನನ್ನ ಕಣ್ಣು ಪ್ರತಿ ಮಸುಕು ಚುಕ್ಕೆಯನ್ನೂ ಹೊಸ ಎಳೆ ಎಂದಿತ್ತು. ಇನ್ನೊಂದು ದಿನ ಅದೇ ಚುಕ್ಕೆಗಳನ್ನು ನೆರಳು ಎಂದಿತ್ತು.

"ನನಗ ಮೋಸ ಮಾಡಿದ್ರಿ!" ಎಂದೆ. ಕಣ್ಣು ತುಂಬಿತ್ತು.

"ಹೂಂ, ಮಾಡೀನಿ. ಮೀನಿಗೆ ಆಗಬಾರದಂತ ನಿನಗ ಮಾಡೀನಿ."

"ಗೈಡ್ ಮೇಡಂಗೆ ಹೇಳತೀರೇನ್ರಿ?"

"ನಾ ಯಾಕ ಹೇಳಲಿ? ಎಣಿಸಿದಾಕಿ ನೀನು."

ಮುಂದಿನ ಸೋಮವಾರ ನಾನೇ ಗೈಡ್ ಮೇಡಂಗೆ ಹೇಳಿದೆ. ಡೈರಿಯ ತೊಂಬತ್ತಾರು ಎಣಿಕೆಗಳ ಮೇಲೆ ಅಡ್ಡಗೀಟು ಎಳೆದೆ. ಎಲ್ಲ ಮೊದಲಿನಿಂದ ಶುರು. ಅದೇ ತಿಂಗಳ ಕೊನೆಗೆ ಕಾಕಾ ನಿವೃತ್ತರಾದರು. ಆದರೂ ಮಧ್ಯಾಹ್ನ ಬಂದು ಹೋಗುವುದನ್ನು ಬಿಡಲಿಲ್ಲ. ಈ ಸಲ ಗಾಜಿನ ಮೇಲೆ ಗುಂಪಿನ ಹೆಸರೇ ಇರಲಿಲ್ಲ, ಬರೀ ಸಂಖ್ಯೆ. ಯಾವ ಸಂಖ್ಯೆ ಯಾವ ಮೀನಿನದು ಎಂಬುದು ಅವರ ಮನೆಯಲ್ಲಿದ್ದ ಒಂದು ಸಣ್ಣ ನೋಟುಬುಕ್ಕಿನಲ್ಲಿ ಮಾತ್ರ ಇತ್ತು. "ಈಗ ಆರಾಮ ಎಣಿಸು. ನಿನಗೂ ಗೊತ್ತಿಲ್ಲ, ಗಾಜಿಗೂ ಗೊತ್ತಿಲ್ಲ," ಎಂದು ನಕ್ಕಿದ್ದರು.

ಇನ್ನೂ ಮೂವತ್ತೊಂದು ಗಾಜು ಉಳಿದಿದ್ದವು. ಒಂದು ಮಂಗಳವಾರ ಕಾಕಾ ಬರಲಿಲ್ಲ. ಬೆಳಿಗ್ಗೆ ಅವರ ಹೆಂಡತಿ ಕಾಕೂ ಚಹಾ ತರುವಷ್ಟರಲ್ಲಿ, ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದರು.

ಮನೆಗೆ ಮಾತನಾಡಿಸಲು ಹೋದ ದಿನ ಕಾಕೂ ಒಳಗಿನಿಂದ ಆ ನೋಟುಬುಕ್ಕನ್ನೇ ತಂದರು. "ಇದು ನಿಂದಂತ. ತಗೋ."

ನನ್ನ ಕೈ ಮುಂದೆ ಹೋಗಿತ್ತು. ಹಿಂದಕ್ಕೆ ತೆಗೆದುಕೊಂಡೆ. "ಈಗ ಬ್ಯಾಡ್ರಿ ಕಾಕೂ. ಎಣಿಸೋದು ಮುಗಿದ ಮ್ಯಾಲ ಬರತೀನಿ."

ಮೂವತ್ತೊಂದು ಗಾಜಿಗೆ ಹತ್ತೊಂಬತ್ತು ದಿನ ಹಿಡಿಯಿತು. ಕಡೆಯ ಸಂಖ್ಯೆ ಬರೆದು ಮರುದಿನವೇ ಬೇಗಂಪೇಟೆಯ ಕಾಕಾರ ಮನೆಗೆ ಹೋದೆ. ಅವರ ಅಡುಗೆಮನೆಯ ಕಟ್ಟೆಯ ಮೇಲೆ ನೋಟುಬುಕ್ಕನ್ನೂ ಡೈರಿಯನ್ನೂ ಪಕ್ಕಪಕ್ಕ ತೆರೆದು, ಎರಡು ಗುಂಪುಗಳನ್ನು ಬೇರೆ ಮಾಡಿ ಕೂಡಿಸಿದೆ. ವ್ಯತ್ಯಾಸ ಇತ್ತು. ನಾನು ಆಸೆಪಟ್ಟದ್ದರ ಅರ್ಧವೂ ಇರಲಿಲ್ಲ.

ಕಾಕೂ ಒಲೆಯ ಮುಂದಿನಿಂದಲೇ ಕೇಳಿದರು, "ಎಳಿ ಹೆಚ್ಚಾಗ್ಯಾವೇನ?"

"ಸ್ವಲ್ಪ ಆಗ್ಯಾವ್ರಿ."

"ಖರೇನ?"

"ಖರೇ ಕಾಕೂ," ಎಂದೆ.