ಅವ್ವ ಕಲಿತ ‘ಚರ್ಪ್’

ಗಣೇಶಗುಡಿಯ ಹೋಮ್‌ಸ್ಟೇ ಒಂದರಲ್ಲಿ ನನ್ನ ಅವ್ವ ಅಡುಗೆಯವಳು. ಅಲ್ಲಿಗೆ ಬರುವವರೆಲ್ಲ ಹಕ್ಕಿ ನೋಡುವ ಹುಚ್ಚಿನವರು. ಮುಂಜಾನೆ ಅವರನ್ನು ಮರೆಯಲ್ಲಿ ಕೂರಿಸಿ ಹಕ್ಕಿ ತೋರಿಸುವ ಕೆಲಸ ತನಗೇ ಬೇಕೆಂದು ಅವ್ವ ಹಟ ಹಿಡಿದಳು. ‘ನಾಕ್ ಮಾತು ಇಂಗ್ಲಿಷ್ ಬರಬೇಕಲ್ರಿ ಅಕ್ಕಾರ’ ಎಂದರು ಮಾಲೀಕರು. ಆದರೂ ಒಂದು ದಿನ ಪರೀಕ್ಷೆ ಮಾಡಿ ನೋಡಲು ಒಪ್ಪಿದರು.

ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ದಾಂಡೇಲಿಯ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ನಾನು ಅವ್ವನ ಮುಂದೆ ಸುಸ್ತಾದೆ. ಹೊಸ ಪದ ಎಂದರೆ ಅವಳಿಗೆ ನಡುಕ. ಕೊನೆಗೆ ‘ಚರ್ಪ್’ ಹಿಡಿದು ಕೂತೆವು. ಸಣ್ಣ ಹಕ್ಕಿಯ ಗಿಡ್ಡ, ಚೂಪು ದನಿಗೆ ಮಾತ್ರ ಆ ಮಾತು ಎಂದೆ. ನಿಘಂಟು ತೆರೆದು, ಹಿಂದೆ ಇಂಗ್ಲಿಷಿನವರು ‘ಚರ್ಕ್’ ಅನ್ನುತ್ತಿದ್ದರು, ಹಕ್ಕಿ ಕೂಗಿದ್ದನ್ನೇ ಅನುಕರಿಸಿ ಮಾಡಿಕೊಂಡ ಪದ, ಬರುಬರುತ್ತ ‘ಚರ್ಪ್’ ಆಯಿತು ಎಂದೂ ಹೇಳಿದೆ.

‘ಅಂದ್ರ ನಾವು ಚಿಂವ್ ಚಿಂವ್ ಅಂದಂಗ ಅವರೂ ಅಂದಾರ, ಹೌದಿಲ್ಲೊ? ಇಷ್ಟಕ್ಕ ನಾ ಯಾಕ ಅಂಜಬೇಕು?’ ಅವ್ವ ನಕ್ಕಳು. ಅಂದಿನಿಂದ ಅವಳ ನಾಲಿಗೆ ಸಡಿಲವಾಯಿತು.

ಪರೀಕ್ಷೆಯ ದಿನ ನಾನೂ ರಜೆ ಹಾಕಿ ಹೋಗಿ ಹಿಂದೆ ಕೂತೆ. ನಮ್ಮದು ಕಾಗದದ ಮಿಲ್ಲಿನ ಕುಟುಂಬ. ಮಷಿನ್ನಿನ ಸದ್ದಿನಲ್ಲೇ ದುಡಿದ ಅಪ್ಪನ ಕಿವಿ ಮಂದ. ಅವನೊಂದಿಗೆ ಕೂಗಿ ಕೂಗಿ ಮಾತಾಡಿ ನಮ್ಮ ಮನೆಯಲ್ಲಿ ಪಿಸುಮಾತು ಯಾರಿಗೂ ಬರುವುದಿಲ್ಲ. ಪೊದೆಯಲ್ಲಿ ದನಿ ಕೇಳಿದ್ದೇ ತಡ, ಅವ್ವ ‘ಚರ್ಪ್!’ ಎಂದು ಗಂಟಲು ಬಿಚ್ಚಿದಳು. ಇದ್ದ ಹಕ್ಕಿಗಳೆಲ್ಲ ಪುರ್ರೆಂದು ಹಾರಿದವು. ಕ್ಯಾಮೆರಾ ಹಿಡಿದವರ ಮುಖ ಗಂಟಾಯಿತು. ಮುಗಿಯಿತು ಕತೆ ಎಂದುಕೊಂಡೆ.

ಅವ್ವ ಅಲುಗಲಿಲ್ಲ. ‘ಸಾರಿ. ವೇಟ್’ ಅಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ಬಹಳ ಹೊತ್ತಿನ ಮೇಲೆ ಪೊದೆಯಿಂದ ಮತ್ತೆ ಸಣ್ಣ ದನಿ ಬಂತು. ಬೆರಳಿನಿಂದ ಜಾಗ ತೋರಿಸಿ, ಸೆರಗಿನೊಳಗಿನಿಂದಲೇ ‘ಚರ್ಪ್’ ಎಂದಳು. ಕ್ಯಾಮೆರಾಗಳೆಲ್ಲ ಅತ್ತ ತಿರುಗಿದವು. ಅಷ್ಟರಲ್ಲಿ ಮೇಲಿನ ಮರದಲ್ಲಿ ಮಂಗಟ್ಟೆ ಹಕ್ಕಿಯೊಂದು ಒರಟಾಗಿ ಅರಚಿತು. ‘ನೋ ಚರ್ಪ್’ ಎಂದಳು ಅವ್ವ. ‘ದಿಸ್ ಮೈ ಫ್ಯಾಮಿಲಿ.’ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

‘ನಾಳಿಂದ ಮುಂಜಾನಿ ನೀವ ಬರ್ರಿ ಅಕ್ಕಾರ, ಅಡಗಿಗೆ ಬ್ಯಾರೆಯವ್ರನ್ನ ನೋಡ್ತೇನಿ’ ಎಂದರು ಮಾಲೀಕರು. ಬಂದವರಲ್ಲೊಬ್ಬರು, ನಿಮಗೆ ಇಂಗ್ಲಿಷ್ ಕಲಿಸಿದ್ದು ಯಾರು ಎಂದು ಅವ್ವನನ್ನು ಕೇಳಿದರು.

‘ನನ್ನ ಮಗಳು’ ಎಂದಳು. ಶಾಲೆಯಲ್ಲಿ ಇಷ್ಟು ವರ್ಷ ಕಲಿಸಿದ್ದೇನೆ, ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.