ಅಟ್ಟದಿಂದಿಳಿದ ಹಾರ್ಮೋನಿಯಂ

ನಮ್ಮ ಯಜಮಾನರಿಗೆ ಬಾರದ ಕೆಲಸವೆಂದರೆ ಸುಮ್ಮನೆ ಕೂರುವುದೊಂದೇ. ತೋಟದ ಪಂಪ್‌ಸೆಟ್ ಕೆಟ್ಟರೆ ಅವರೇ ಬಿಚ್ಚುತ್ತಿದ್ದರು. ಎತ್ತಿನ ಕಾಲು ಉಳುಕಿದರೆ ಅವರೇ ಎಣ್ಣೆ ಹಾಕಿ ನೀವುತ್ತಿದ್ದರು. ಮದುವೆ ಮನೆಯಲ್ಲಿ ಅಡುಗೆಯವನು ಕೈಕೊಟ್ಟರೆ ಪಂಚೆ ಎತ್ತಿ ಕಟ್ಟಿ ಸೌಟು ಹಿಡಿಯುತ್ತಿದ್ದರು. ಹೊಲಿಗೆ ಯಂತ್ರ ತಂದು ನನ್ನ ರವಿಕೆಗಳನ್ನೂ ಹೊಲೆದರು. ಒಂದು ತೋಳು ಉದ್ದ, ಒಂದು ಗಿಡ್ಡ, ಆ ಮಾತು ಬೇರೆ. ಕೇಳಿದರೆ, "ನಿನ್ ತೋಳೇ ಹಂಗವೆ ಕಣೇ, ನಾನೇನ್ ಮಾಡ್ಲಿ?" ಎನ್ನುತ್ತಿದ್ದರು. ಇಂಥವರ ಜೊತೆ ಸಂಸಾರ ಮಾಡುವುದೇನು ಸುಲಭವಲ್ಲ. ಆದರೂ ಇನ್ನೊಂದು ಜನ್ಮವಿದ್ದರೆ ಇವರೇ ಬೇಕು, ರವಿಕೆಯನ್ನು ಮಾತ್ರ ಟೈಲರ್ ಹತ್ತಿರ ಹೊಲಿಸಿಕೊಳ್ಳುತ್ತೇನೆ.

ಎಲ್ಲಕ್ಕಿಂತ ಮೇಲೆ ಅವರ ಹಾರ್ಮೋನಿಯಂ. ನೊಣವಿನಕೆರೆ ಸುತ್ತಮುತ್ತ ಯಾರ ಮನೆಯಲ್ಲಿ ಮಗುವಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕಿದರೂ ಹೆಂಗಸರ ಜೋಗುಳಕ್ಕೆ ಪೆಟ್ಟಿಗೆ ನುಡಿಸಲು ಇವರೇ ಆಗಬೇಕು. ನಮ್ಮ ಮಗಳ ಮೊದಲ ಕೂಸನ್ನು ತೊಟ್ಟಿಲಿಗೆ ಹಾಕಿದಾಗಲಂತೂ ಹಾಡು ಮುಗಿದರೂ ಇವರು ನಿಲ್ಲಿಸಲಿಲ್ಲ. ಕೂಸು ಮಲಗಿ, ಎದ್ದು, ಮತ್ತೆ ಅಳುವವರೆಗೆ ನುಡಿಸಿದರು.

ಇಂಥವರಿಗೆ ಕಿವಿ ಮಂದವಾಗುತ್ತಾ ಬಂದದ್ದು ನಮಗೆ ಯಾರಿಗೂ ತಿಳಿಯಲಿಲ್ಲ. ರೇಡಿಯೊ ಜೋರಾಗಿ ಹಾಕುತ್ತಿದ್ದರು. ನಾನು ಏನು ಕೇಳಿದರೂ "ಹ್ಞೂಂ" ಎನ್ನುತ್ತಿದ್ದರು. ಗಂಡಸರ ಜಂಬ ಎಂದುಕೊಂಡಿದ್ದೆ. ಕೊನೆಗೆ ಗುಟ್ಟು ರಟ್ಟು ಮಾಡಿದ್ದು ಅಟ್ಟದ ಮೇಲಿನ ತೆಂಗಿನಕಾಯಿ.

ನಮ್ಮ ಕಡೆ ಕೊಬ್ಬರಿಗೆಂದು ಇಟ್ಟ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅಲ್ಲಾಡಿಸಿ ನೋಡಿದರೆ ಗೊತ್ತಾಗುತ್ತದೆ. ಕುಳಕ್ ಕುಳಕ್ ಎಂದರೆ ಇನ್ನೂ ನೀರಿದೆ, ಗಟಗಟ ಎಂದರೆ ಕೊಬ್ಬರಿ ಆಗಿದೆ.

ಇಸವಿ ಎಪ್ಪತ್ತೊಂಬತ್ತೋ ಎಂಬತ್ತೋ ಇರಬೇಕು. ಒಂದು ಬೆಳಿಗ್ಗೆ ಅಟ್ಟದಿಂದಿಳಿದು, "ಕೊಬ್ರಿ ಬಿಟ್ಬುಟ್ಟದೆ ಕಣೇ, ಇಳಿಸಾನ" ಎಂದರು.

"ಇಷ್ಟು ಬೇಗ್ನೇನಾ? ಇನ್ನೂ ಎರಡು ತಿಂಗ್ಳು ಬೇಕು ಕಣ್ರೀ."

"ಹ್ಞೂಂ," ಎಂದವರೇ ಆಳುಗಳನ್ನು ಕರೆದು ಕಾಯಿ ಇಳಿಸಿಬಿಟ್ಟರು.

ಅಂಗಳದಲ್ಲಿ ಕಾಯಿ ಸುಲಿದು ಕರಟ ಒಡೆಯಲು ಹೆಂಗಸರು ಕುಳಿತರು. ಮೊದಲ ಏಟಿಗೇ ನೀರು ಚಿಮ್ಮಿ ಒಬ್ಬಳ ಮುಖಕ್ಕೆ ಬಿತ್ತು. ಇನ್ನೊಂದು ಒಡೆದರೂ ನೀರು, ಮತ್ತೊಂದರಲ್ಲೂ ನೀರು. "ಏನ್ ಯಜಮಾನ್ರೇ, ಕೊಬ್ರಿ ಒಡ್ಸಾಕ್ ಕರೆದ್ರೋ, ಎಳ್ನೀರು ಕುಡಿಸಾಕ್ ಕರೆದ್ರೋ?" ಎಂದು ಅವಳು ಕೇಳಿದಳು. ಎಲ್ಲರೂ ನಕ್ಕರು. ಅವರು ನಕ್ಕರೆಂದು ಇವರೂ ನಕ್ಕರು.

ಆಮೇಲೆ ಸುಲಿಯದ ಒಂದು ಕಾಯಿ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ದೂರದಲ್ಲಿ ನಿಂತಿದ್ದ ನನಗೆ ಕುಳಕ್ ಕುಳಕ್ ಎಂದು ಕೇಳಿಸಿತು. ಇವರು ನನ್ನ ಕಡೆ ತಿರುಗಿ, "ನೋಡು, ನೀರಿನ ಸದ್ದೇ ಇಲ್ಲ" ಎಂದರು. ಒಳಗೆ ಏನೋ ಅಲ್ಲಾಡುವುದು ಕೈಗೆ ಗೊತ್ತಾಗುತ್ತಿದೆ, ನೀರಿನ ಸದ್ದು ಕಿವಿಗೆ ಬೀಳುತ್ತಿಲ್ಲ, ಅದಕ್ಕೇ ಕೊಬ್ಬರಿ ಎಂದುಕೊಂಡಿದ್ದಾರೆ. ಅಯ್ಯೋ ಶಿವನೇ! ನನ್ನ ಮುಖ ನೋಡಿ ಅವರಿಗೂ ತಿಳಿಯಿತು. ಕಾಯಿಯನ್ನು ಮೆಲ್ಲಗೆ ಕೆಳಗಿಟ್ಟು ತೋಟದ ಕಡೆ ಹೋದರು. ಸುಲಿಯದೆ ಉಳಿದ ಕಾಯನ್ನೆಲ್ಲ ಆಳುಗಳು ಮತ್ತೆ ಅಟ್ಟಕ್ಕೆ ಏರಿಸಿದರು.

ತಿಪಟೂರಿನ ಡಾಕ್ಟರು ನರ ಸೋತಿದೆ, ಇದಕ್ಕೆ ಔಷಧಿ ಇಲ್ಲ ಎಂದರು. ಕಿವಿಗೆ ಹಾಕಿಕೊಳ್ಳುವ ಮಿಷನ್ನನ್ನೂ ತಂದದ್ದಾಯಿತು. ಬರೀ ಗೊರಗೊರ ಎನ್ನುತ್ತದೆ ಎಂದು ಇವರು ಅದನ್ನು ಬಿಚ್ಚಿ ಜೋಡಿಸಿದರು. ಎರಡು ಸ್ಕ್ರೂ ಮಿಕ್ಕವು, ಗೊರಗೊರವೂ ನಿಂತುಹೋಯಿತು. ಅದೇ ವಾರ ಹಾರ್ಮೋನಿಯಮ್ಮಿಗೆ ಹಳೇ ಪಂಚೆ ಸುತ್ತಿ ಅಟ್ಟದ ಮೂಲೆಗೆ ಏರಿಸಿದರು.

"ಕೇಳಿಸ್ದೆ ಇರೋನು ನುಡ್ಸಿದ್ರೆ ಊರಿಗೆಲ್ಲ ನಗೆಪಾಟ್ಲು ಕಣೇ. ಬುಡು."

ಪೆಟ್ಟಿಗೆಯೊಂದನ್ನು ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಹೊಲಿಗೆ ಬಿಟ್ಟರು, ಪಂಪ್‌ಸೆಟ್ ರಿಪೇರಿ ಬಿಟ್ಟರು, ಕರೆಯಲು ಬಂದವರನ್ನು ಕೈಯಾಡಿಸಿ ಕಳಿಸಿದರು. ಜಗುಲಿಯ ಕಂಬಕ್ಕೆ ಒರಗಿ ಸುಮ್ಮನೆ ಕೂತರು. ಬಾರದ ಆ ಒಂದು ಕೆಲಸವನ್ನೂ ಕಲಿತುಬಿಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೈಯೋಣವೆಂದರೆ ಕೇಳಿಸಬೇಕಲ್ಲ! ಬೈಯುವ ಸುಖವೂ ಹೋಯಿತು. ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತೆ. ಮನುಷ್ಯ ಎದುರಿಗೇ ಇದ್ದಾನೆ, ನನ್ನ ಗಂಡ ಇಲ್ಲ ಅನ್ನಿಸುತ್ತಿತ್ತು.

ಕೆಲವು ತಿಂಗಳು ಹೀಗೇ ಕಳೆದವು. ಮಗಳು ಎರಡನೇ ಹೆರಿಗೆಗೆಂದು ಬಂದಳು, ಜೊತೆಗೆ ಐದು ವರ್ಷದ ಮೊಮ್ಮಗಳು. ತಾತನಿಗೆ ಕಿವಿ ಕೇಳುವುದಿಲ್ಲವೆಂದರೆ ಆ ಹುಡುಗಿಗೆ ಅದೇನು ದೊಡ್ಡ ಸಂಗತಿಯಲ್ಲ. ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಮಜ್ಜಿಗೆ ಕೊಡಲು ಏಣಿ ಹತ್ತಿದೆ. ಅಟ್ಟದಲ್ಲಿ ತಾತ ಮೊಮ್ಮಗಳು ಕಾಲು ಚಾಚಿ ಕೂತಿದ್ದಾರೆ. ಇವಳು ಒಂದು ಕಾಯನ್ನು ಎರಡು ಕೈಯಲ್ಲೂ ತಬ್ಬಿ ಅಲ್ಲಾಡಿಸಿ, ತಾತನ ಕೈಗೆ ಕೊಡುತ್ತಾಳೆ. ನೀರಿದ್ದರೆ ಬೆರಳುಗಳನ್ನು ಅಲೆಯಂತೆ ಆಡಿಸಿ ತೋರಿಸುತ್ತಾಳೆ. ಕೊಬ್ಬರಿಯಾಗಿದ್ದರೆ ಮುಷ್ಟಿ ಹಿಡಿಯುತ್ತಾಳೆ. ಇವರು ಕಣ್ಣು ಮುಚ್ಚಿ ಅಲ್ಲಾಡಿಸಿ, ಮೊದಲು ತಾವು ಹೇಳಿ, ಆಮೇಲೆ ಕಣ್ಣು ಬಿಟ್ಟು ಅವಳ ಕೈ ನೋಡುತ್ತಾರೆ. ತಪ್ಪಿದರೆ ಅವಳು ತಾತನ ಮೂಗು ಹಿಂಡುತ್ತಾಳೆ. ನಾನು ನೋಡುತ್ತಿದ್ದಷ್ಟು ಹೊತ್ತು ಒಂದೇ ಒಂದು ಸಲ ಹಿಂಡಿಸಿಕೊಂಡರು.

ನನ್ನನ್ನು ಕಂಡವರೇ, "ಬಾ ಇಲ್ಲಿ" ಎಂದು ನನ್ನ ಅಂಗೈಗೆ ಒಂದು ಕಾಯಿಟ್ಟರು. "ನೀರು ಸೋಮಾರಿ ಕಣೇ. ನಿನ್ ಕೈ ನಿಂತ್ಮೇಲೂ ಹೊರಳ್ತಾ ಇರ್ತದೆ. ಕೊಬ್ರಿ ಹಂಗಲ್ಲ, ಅಂಗೈಗೆ ಒಂದು ಗುದ್ದು ಕೊಟ್ಟು ಸುಮ್ನಾಯ್ತದೆ. ಕೈಗೆ ಗೊತ್ತಾಯ್ತದೆ ಕಣೇ, ಕೈಗೆ!" ಎಷ್ಟೋ ದಿನದ ಮೇಲೆ ಅವರ ದನಿ ಏರಿತ್ತು. ನಾನು ಮಜ್ಜಿಗೆ ಲೋಟ ಹಿಡಿದುಕೊಂಡೇ ಇಳಿದುಬಂದೆ. ಆ ಸಲ ಅವರು ಆರಿಸಿ ಒಡೆಸಿದ ಕಾಯಲ್ಲಿ ಒಂದರಲ್ಲೂ ನೀರಿರಲಿಲ್ಲ.

ಮಗಳಿಗೆ ಗಂಡು ಮಗುವಾಯಿತು. "ಅಪ್ಪ ನುಡಿಸ್ದೆ ನನ್ ಮಗೀನ ತೊಟ್ಲಿಗೆ ಹಾಕಕಿಲ್ಲ ಕಣವ್ವ," ಎಂದು ಹಟ ಹಿಡಿದಳು. ಅವಳ ತುಟಿ ನೋಡಿಯೇ ಮಾತು ತಿಳಿದುಕೊಂಡ ಇವರು ಒಲ್ಲೆನೆಂದು ತಲೆಯಾಡಿಸಿ ಹೊರಗೆ ಹೋದರು. ಆದರೆ ಹೆಸರಿಡುವ ದಿನ ನಾನು ಎದ್ದು ನೋಡುವಾಗ ಹಾರ್ಮೋನಿಯಂ ಅಟ್ಟದಿಂದಿಳಿದು, ಧೂಳು ಒರೆಸಿಕೊಂಡು ತೊಟ್ಟಿಲ ಪಕ್ಕ ಕೂತಿತ್ತು. ನಾನು ಕಂಡೂ ಕಾಣದವಳಂತೆ ಅಡುಗೆಮನೆಗೆ ಹೋದೆ. ಎಲ್ಲಿ ದೃಷ್ಟಿಯಾಗಿಬಿಡುತ್ತದೋ ಎಂಬ ಭಯ.

ಹತ್ತು ಗಂಟೆಗೆ ಮನೆ ತುಂಬಿತು. ಹೆಂಗಸರು ಜೋಗುಳ ಎತ್ತಿಕೊಂಡರು, ಇವರು ಪೆಟ್ಟಿಗೆಯ ತಿದಿ ಒತ್ತಿದರು. ಬೆರಳುಗಳು ಏನೂ ಮರೆತಿರಲಿಲ್ಲ. ಆದರೆ ಹಾಡುವವರು ಎಲ್ಲಿ ಎಳೆದರು, ಎಲ್ಲಿ ನಿಂತರು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಎರಡನೇ ನುಡಿಗೆ ಬರುವಷ್ಟರಲ್ಲಿ ಹಾಡು ಒಂದು ದಾರಿ, ಪೆಟ್ಟಿಗೆ ಒಂದು ದಾರಿಯಾಯಿತು. ಯಾರೋ ಒಬ್ಬಳು ಕಿಸಕ್ಕೆಂದಳು. ಇವರು ತಲೆ ಎತ್ತಿ ನಮ್ಮ ಮುಖಗಳನ್ನು ನೋಡಿದರು. ಬೆರಳು ನಿಂತವು. ಪೆಟ್ಟಿಗೆ ಮುಚ್ಚಲು ಕೈ ಹೋಯಿತು. ಈಗ ಮುಚ್ಚಿದರೆ ಇನ್ನು ಜನ್ಮದಲ್ಲಿ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಾಲ್ಕು ಜನರೆದುರು ಗಂಡನ ಹೆಸರು ಹೇಳಲೂ ನಾಚುವ ಕಾಲ ಅದು. ನಾನು ಹೋಗಿ ಅವರ ಹಿಂದೆ ಕೂತು ಬೆನ್ನ ಮೇಲೆ ಅಂಗೈ ಇಟ್ಟೆ. ಜೋಗುಳವನ್ನು ಮೊದಲಿಂದ ನಾನೇ ಎತ್ತಿಕೊಂಡು, ಅವರ ಬೆನ್ನ ಮೇಲೆ ತಾಳ ತಟ್ಟಿದೆ. ಮಗುವನ್ನು ಮಲಗಿಸುವಾಗ ತಟ್ಟುತ್ತೇವಲ್ಲ, ಹಾಗೆ. ಅವರ ಬೆನ್ನು ಒಂದು ಗಳಿಗೆ ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ಪೆಟ್ಟಿಗೆ ನುಡಿಯಿತು. ನಾನು ಎಳೆದರೆ ಅವರೂ ಎಳೆದರು, ನಾನು ನಿಂತರೆ ಅವರೂ ನಿಂತರು.

"ನಾಚ್ಕೆ ಬುಟ್ಲು ಕಣಮ್ಮ ಇವ್ಳು!" ಎಂದು ಒಬ್ಬಳು ಅಂದಳು.

"ಊಂ ಕಣೇ, ಬುಟ್ಟೆ. ಸುಮ್ನೆ ಹಾಡು," ಎಂದೆ. ಎಲ್ಲರೂ ದನಿ ಸೇರಿಸಿದರು.

ಮುಗಿದ ಮೇಲೆ ಇವರು ತಿರುಗಿ, "ಸರಿಗಿತ್ತೇನೇ?" ಎಂದು ಕೇಳಿದರು. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವಲ್ಲ. ಬೆನ್ನಿಗೆ ಇನ್ನೊಂದು ತಟ್ಟು ಕೊಟ್ಟೆ.

ಮಾರನೆಯ ದಿನವೇ ಪಂಪ್‌ಸೆಟ್ ಬಿಚ್ಚಿ ಅಂಗಳ ತುಂಬ ಎಣ್ಣೆ ಮಾಡಿದರು. ಆಮೇಲೆ ಬಹಳ ವರ್ಷ ಬದುಕಿದರು. ಎಲ್ಲಿ ತೊಟ್ಟಿಲು ಕಟ್ಟಿದರೂ ನಮ್ಮಿಬ್ಬರಿಗೂ ಕರೆ ಬರುತ್ತಿತ್ತು, ಮುಂದೆ ಅವರು, ಹಿಂದೆ ನಾನು.

ಈಗ ಅವರಿಲ್ಲ. ಅಟ್ಟದಲ್ಲಿ ಮೂಗು ಹಿಂಡಿದ ಆ ಮೊಮ್ಮಗಳೇ ಅದೇ ಪೆಟ್ಟಿಗೆ ನುಡಿಸುತ್ತಾಳೆ. ಮೊನ್ನೆ ಅವಳ ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕಿದರು. ಜೋಗುಳ ಶುರುವಾಯಿತು, ನಾನೂ ದನಿಗೂಡಿಸಿದೆ. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ನನ್ನ ಬಲಗೈ ಮುಂದೆ ಕೂತಿದ್ದ ಬೀಗಿತ್ತಿಯ ಬೆನ್ನು ತಟ್ಟುತ್ತಿದೆ. ಅವರು ತಿರುಗಿ ನನ್ನ ಮುಖ ನೋಡಿದರು. ನಾನು ಕೈ ತೆಗೆಯಲಿಲ್ಲ. ಹಾಡು ಇನ್ನೂ ಮುಗಿದಿರಲಿಲ್ಲ.